ಹೆಬ್ಬೆಟ್ಟು ನಮ್ಮದು, ಜೋಪಾನವೂ ನಮ್ಮದೇ



ನಮ್ಮ ಸಂಘ ಶುರುವಾದಾಗ ಬಹಳ ಮಂದಿ ನಡಾವಳಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಸಭೆ ಮುಗಿದ ಮೇಲೆ ಅರ್ಧ ತಾಸು ಪಾಟಿ ಹಿಡಿದು ಕೂತು ತಮ್ಮ ಹೆಸರು ಬರೆಯಲು ಕಲಿತರು. ಬ್ಯಾಂಕಿನಲ್ಲಿ ಮೊದಲ ಸಲ ಸಹಿ ಮಾಡಿದ ದಿನ ಒಬ್ಬ ಅಕ್ಕ, "ಇನ್ಮ್ಯಾಲೆ ಯಾರೂ ನನ್ನ ಬಟ್ಟು ಹಿಡಿದು ಒತ್ತಿಸ್ಕೊಳ್ಳಂಗಿಲ್ಲ ನೋಡ್ರಿ" ಅಂದಿದ್ದರು. ಆ ಮಾತು ನನಗೆ ಇನ್ನೂ ನೆನಪಿದೆ.

ಈಗ ಕಾಲ ತಿರುಗಿ ಬಂದಿದೆ. ರೇಷನ್ ಅಂಗಡಿಯಲ್ಲಿ ಬೆರಳು, ಸಿಮ್ ಕೊಳ್ಳಲು ಬೆರಳು, ಮನೆ ಬಾಗಿಲಿಗೆ ಬರುವ ಬ್ಯಾಂಕಿನ ಪ್ರತಿನಿಧಿಯ ಮಶೀನಿಗೂ ಬೆರಳು. ಓದಿದವರೂ ಒತ್ತಬೇಕು, ಓದದವರೂ ಒತ್ತಬೇಕು. ಒತ್ತುವುದು ತಪ್ಪಲ್ಲ. ಆದರೆ ಯಾತಕ್ಕೆ ಒತ್ತಿದೆವು ಅನ್ನೋದು ಗೊತ್ತಿರಬೇಕು.

ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯ ಸಭೆಯಲ್ಲಿ ಒಬ್ಬ ಅಕ್ಕ ಎರಡು ತಿಂಗಳ ಗೃಹಲಕ್ಷ್ಮಿ ಹಣ, 4,000 ರೂಪಾಯಿ, ಖಾತೆಯಲ್ಲಿ ಕಾಣ್ತಿಲ್ಲ ಅಂತ ಕಣ್ಣೀರು ಹಾಕಿದರು. ಕೆಲವು ದಿನಗಳ ಹಿಂದೆ ಯಾರೋ ಮನೆಗೆ ಬಂದು "ಯೋಜನೆ ನವೀಕರಣ ಮಾಡಬೇಕ್ರಿ" ಎಂದು ಆಧಾರ್ ನಂಬರ್ ಬರೆದುಕೊಂಡಿದ್ದರು. "ಬೆರಳು ಸರಿ ಬೀಳವಲ್ದು, ಮತ್ತೊಮ್ಮೆ ಒತ್ರಿ" ಎಂದು ಮೂರು ಸಲ ಒತ್ತಿಸಿಕೊಂಡಿದ್ದರು. ಆ ಅಕ್ಕ ಸಹಿ ಮಾಡಲು ಬಲ್ಲವರೇ. ಆದರೆ ಅಲ್ಲಿ ಸಹಿ ಕೇಳಿದವರು ಯಾರು?

ಬೆರಳಿನಿಂದ ಹಣ ಹೋಗುವುದು ಹೇಗೆ?

ಆಧಾರ್ ಆಧಾರಿತ ಪಾವತಿ ಎಂಬ ವ್ಯವಸ್ಥೆ ಇದೆ. ಬ್ಯಾಂಕ್ ದೂರ ಇರುವ ಹಳ್ಳಿಗಳಲ್ಲಿ ಮುದುಕರಿಗೆ, ಅಂಗವಿಕಲರಿಗೆ ಮನೆ ಹತ್ತಿರವೇ ಹಣ ಸಿಗಲಿ ಅಂತ ಮಾಡಿದ್ದು. ಇದರಿಂದ ಉಪಕಾರವೂ ಬಹಳ ಆಗಿದೆ. ಇದಕ್ಕೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳಚ್ಚು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಮೊಬೈಲಿಗೆ ಬರುವ ಓಟಿಪಿಯೂ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

"ಓಟಿಪಿ ಯಾರಿಗೂ ಹೇಳಬ್ಯಾಡ್ರಿ" ಎಂದು ನಾವು ಎಲ್ಲಾ ಸಭೆಯಲ್ಲೂ ಹೇಳುತ್ತೇವೆ. ಇಲ್ಲಿ ಓಟಿಪಿಯೇ ಇಲ್ಲ. ಬೆರಳೇ ಕೀಲಿಕೈ.

ಬೆರಳು ನಮ್ಮ ಕೈಯಲ್ಲೇ ಇದ್ದರೂ ಅದರ ಗುರುತು ಕದಿಯಬಹುದು. ಕರ್ನಾಟಕದಲ್ಲಿ 2023ರಲ್ಲಿ ಇಂಥ ದೂರುಗಳು ಬಂದವು. ಆಸ್ತಿ ನೋಂದಣಿ ಪತ್ರಗಳಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ, ಆಧಾರ್ ನಂಬರೂ ಇರುತ್ತದೆ. ಕಳ್ಳರು ಅಂಥ ಪತ್ರಗಳಿಂದ ಗುರುತು ಎತ್ತಿ, ರಬ್ಬರಿನಂಥ ವಸ್ತುವಿನಲ್ಲಿ ಅಚ್ಚು ಮಾಡಿ ಹಣ ತೆಗೆದರು. ಆಮೇಲೆ ಇಲಾಖೆ ಆನ್‌ಲೈನ್ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚುವ ಕ್ರಮ ಕೈಗೊಂಡಿತು. ಪಿನ್ ಕಳುವಾದರೆ ಬದಲಿಸಬಹುದು. ಬೆರಳು ಬದಲಿಸಲಿಕ್ಕೆ ಬರುತ್ತದೆಯೇ?

ಖಾಸಗಿತನ ಅಂದರೆ ಏನು?

"ನಮ್ಮಂಥ ಬಡವರ ಹತ್ರ ಮುಚ್ಚಿಡೋದು ಏನೈತ್ರಿ?" ಎಂದು ಹಲವರು ಕೇಳುತ್ತಾರೆ. ಯೋಚಿಸಿ ನೋಡಿ. ಸಾಸಿವೆ ಡಬ್ಬಿಯಲ್ಲಿ ಎಷ್ಟು ಕೂಡಿಟ್ಟಿದ್ದೀರಿ ಅಂತ ಓಣಿಗೆಲ್ಲ ಹೇಳುತ್ತೀರಾ? ಮಗಳ ಕಾಯಿಲೆ, ಮನೆಯ ಸಾಲ, ಗಂಡನ ಜೊತೆಗಿನ ಜಗಳ, ಇವನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ನಾವೇ ನಿರ್ಧರಿಸುತ್ತೇವೆ. ಅದೇ ಖಾಸಗಿತನ. ಇರುವವನ ಖಾತೆಯಿಂದ 4,000 ಹೋದರೆ ಅವನಿಗೆ ಗೊತ್ತೂ ಆಗಲಿಕ್ಕಿಲ್ಲ. ನಮ್ಮದು ಹೋದರೆ ತಿಂಗಳ ಸಂತೆಯೇ ನಿಲ್ಲುತ್ತದೆ. ಹಾಗಾಗಿ ಇದು ಬಡವರಿಗೇ ಹೆಚ್ಚು ಬೇಕಾದದ್ದು.

ಈ ವಿಷಯ ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೆ ಹೋಗಲು ಕಾರಣರಾದವರಲ್ಲಿ ಮುಖ್ಯರು ನಮ್ಮ ರಾಜ್ಯದವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರಂದು ಬಂದ ಇನ್ನೊಂದು ತೀರ್ಪು, ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳಬಹುದು, ಆದರೆ ಬ್ಯಾಂಕ್ ಖಾತೆಗೆ, ಸಿಮ್‌ಗೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅಷ್ಟು ಇಳಿವಯಸ್ಸಿನಲ್ಲಿ ಒಬ್ಬರು ಕೇಳಿದ ಪ್ರಶ್ನೆ ನಮ್ಮೆಲ್ಲರಿಗೂ ಹಕ್ಕಾಗಿ ಬಂತು.

ತಪ್ಪು ನಮ್ಮಲ್ಲೂ ಇದೆ

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಸಾಲದ ಅರ್ಜಿ ಬೇಗ ಹೋಗಲಿ ಎಂದು ಒಂದು ಸಲ ಹದಿನೈದು ಮಂದಿಯ ಆಧಾರ್ ಕಾರ್ಡಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಆ ಗುಂಪಿನಲ್ಲಿ ಯಾರ್‍ಯಾರ ಮಕ್ಕಳು, ಯಾರ ನೆಂಟರು ಇದ್ದರು ಎಂದು ನೋಡಲಿಲ್ಲ. ಇನ್ನೊಂದು ಸಲ ಕಂತು ಕಟ್ಟದವರ ಹೆಸರಿನ ಪಟ್ಟಿ ಹಾಕಿದೆ. ಅದರಲ್ಲಿದ್ದ ಒಬ್ಬ ಅಕ್ಕ ಎರಡು ವಾರ ಸಭೆಗೆ ಬರಲಿಲ್ಲ. ವಿಚಾರಿಸಿದಾಗ, "ಸಾಲದ ಮಾತು ಸಂಘದಾಗ ಕೂತು ಕೇಳಿದ್ರ ಹೇಳ್ತಿದ್ನೆಲ್ಲ, ಊರಿಗೆಲ್ಲ ಯಾಕ ಸಾರಿದ್ರಿ?" ಎಂದರು. ಉತ್ತರ ಕೊಡಲು ಬಾಯಿ ಬರಲಿಲ್ಲ. ಮರುದಿನವೇ ಅವನ್ನು ಅಳಿಸಲು ಹೊರಟೆ. ಆದರೆ ಹೋದದ್ದು ಯಾರ ಮೊಬೈಲಿನಲ್ಲಿ ಉಳಿದಿದೆಯೋ, ದೇವರೇ ಬಲ್ಲ.

ನಾವು ಏನು ಮಾಡಬಹುದು?

1. ಬೆರಳು ಒತ್ತುವ ಮೊದಲು "ಯಾತಕ್ಕ? ಎಷ್ಟು ರೊಕ್ಕ?" ಎಂದು ಕೇಳಿ. ಒತ್ತಿದ ಮೇಲೆ ಚೀಟಿ ಕೇಳಿ ಪಡೆಯಿರಿ. ಬೆರಳು ಬೀಳಲಿಲ್ಲ ಎಂದರೆ, ಬೀಳದ್ದಕ್ಕೂ ಚೀಟಿ ತೋರಿಸಲು ಹೇಳಿ.

2. ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಯಾತಕ್ಕೆ ಕೊಟ್ಟದ್ದು, ತಾರೀಖು ಎಷ್ಟು ಎಂದು ಬರೆದು ಸಹಿ ಮಾಡಿ. ಉಳಿದ ಪ್ರತಿಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ.

3. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ. ಪೂರ್ತಿ ನಂಬರ್ ಬೇಕಿಲ್ಲದ ಕಡೆ ಅದನ್ನೇ ಕೊಡಿ.

4. ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಬಹುದು. ಇದಕ್ಕೆ ನಿಮ್ಮದೇ ಮೊಬೈಲ್ ನಂಬರ್ ಆಧಾರಿಗೆ ಜೋಡಣೆ ಆಗಿರಬೇಕು. ಒಂದು ಮಾತು ನೆನಪಿಡಿ: ಬೀಗ ಇದ್ದಾಗ ರೇಷನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ. ಆ ದಿನ ಸ್ವಲ್ಪ ಹೊತ್ತು ತೆರೆಯಬೇಕು. ಮಾಹಿತಿಗೆ 1947ಕ್ಕೆ ಕರೆ ಮಾಡಿ.

5. ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್ ನಿಮ್ಮ ಮೊಬೈಲಿನ ನಂಬರುಗಳನ್ನು, ಫೋಟೋಗಳನ್ನು ಕೇಳಿದರೆ ಕೊಡಬೇಡಿ. ಅವನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕಂತು ತಪ್ಪಿದಾಗ ನೆಂಟರಿಗೆಲ್ಲ ಫೋನ್ ಹೋಗುವುದು ಹೀಗೆಯೇ.

ಹಣ ಹೋದರೆ?

ಅಳುತ್ತಾ ಕೂರಬೇಡಿ, ನಾಚಿಕೆಯೂ ಬೇಡ. ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ಸಹಾಯವಾಣಿ. ಅದೇ ದಿನ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಲಿಖಿತ ದೂರು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನಮ್ಮ ತಪ್ಪಿಲ್ಲದೆ ಬೇರೆಯವರು ಹಣ ತೆಗೆದಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳಬಾರದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಸೂಚನೆ ಹೊರಡಿಸಿದೆ. ತಡ ಮಾಡಿದಷ್ಟೂ ಕಷ್ಟ. ಅದಕ್ಕೇ ತಿಂಗಳಿಗೊಮ್ಮೆಯಾದರೂ ಪಾಸ್‌ಬುಕ್ ಎಂಟ್ರಿ ಮಾಡಿಸಬೇಕು.

ಮೇಲೆ ಹೇಳಿದ ಅಕ್ಕ ಒಬ್ಬರೇ ಬ್ಯಾಂಕಿಗೆ ಹೋಗಲಿಲ್ಲ. ಸಂಘದ ಐದು ಮಂದಿ ಜೊತೆಗೆ ಹೋದರು. ದೂರು ಬರೆದವರು ಇನ್ನೊಬ್ಬ ಸದಸ್ಯೆ. ಕೆಳಗೆ ಆ ಅಕ್ಕ ತಾವು ಪಾಟಿಯ ಮೇಲೆ ಕಲಿತ ಅಕ್ಷರದಲ್ಲೇ ಸಹಿ ಹಾಕಿದರು. ಹಣ ಇನ್ನೂ ಬರಬೇಕು. ಆದರೆ ಈಗ ಆ ಓಣಿಯಲ್ಲಿ ಯಾರಾದರೂ ಮಶೀನು ಹಿಡಿದು ಬಂದರೆ ಮೊದಲು "ಯಾತಕ್ಕ ಬಂದೀರಿ?" ಎಂದು ಕೇಳುವವರು ಅವರೇ.

ಮುಂದಿನ ಸಭೆಯಲ್ಲಿ ಚರ್ಚಿಸಿ:

- ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಏನು ಹಾಕಬೇಕು, ಏನು ಹಾಕಬಾರದು?
- ಸದಸ್ಯರ ಆಧಾರ್ ಜೆರಾಕ್ಸ್ ಯಾರ ಹತ್ತಿರ ಇವೆ? ಕೆಲಸ ಮುಗಿದವನ್ನು ಹರಿದು ಹಾಕಿದ್ದೇವೆಯೇ?
- ಯಾರ ಆಧಾರಿಗೆ ಇನ್ನೂ ಬೇರೆಯವರ ಮೊಬೈಲ್ ನಂಬರ್ ಇದೆ?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಮಾಡಿ.