ಮೂರನೆಯ ತಂತಿ

ವಾತವೆಂಬುದು ನಮ್ಮ ತಾಯಿಯವರ ಪಾಲಿಗೆ ಸಕಲ ನೋವುಗಳ ಮೂಲ. ಆದುದರಿಂದ ಕಳೆದ ಬೇಸಗೆಯಲ್ಲಿ ಅವರು, “ಬಚ್ಚಲ ನಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಕಣೋ, ವಾತ ಕೈಗಿಳಿದಿದೆ” ಎಂದಾಗ, ನಾನು ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, ಎಣ್ಣೆಯ ಸೀಸೆಯೊಂದನ್ನು ತಂದುಕೊಟ್ಟು ಪುತ್ರಧರ್ಮವನ್ನು ಪೂರೈಸಿದೆ. ಎಂಟು ದಿನಗಳ ಮೇಲೆ ಅದೇ ನಲ್ಲಿಯನ್ನು ಒದ್ದೆಗೈಯಿಂದ ತಿರುಗಿಸಿದಾಗ ವಾತ ನನಗೂ ಬಂದಿತು.

ವೈರಿಂಗಿನವನು ಬಂದು ನೀರು ಕಾಯಿಸುವ ಗೀಸರನ್ನು ಪರೀಕ್ಷಿಸಿ, “ಕರೆಂಟು ಮೈಗೆ ಸೋರ್ತಾ ಇದೆ ಸಾರ್. ಅದು ಹೋಗಲಿ, ನಿಮ್ಮ ಮನೇಲಿ ಅರ್ತೇ ಇಲ್ಲ” ಎಂದನು. ಇಪ್ಪತ್ತು ವರ್ಷ ಕನ್ನಡ ಬೋಧಿಸಿದವನ ಮನೆಯಲ್ಲಿ ಅರ್ಥವೇ ಇಲ್ಲವೆಂದಂತೆ ಕೇಳಿಸಿತು ನನಗೆ.

ಪ್ಲಗ್ಗಿನ ಮೂರು ಕಾಲುಗಳಲ್ಲಿ ಒಂದು ಉಳಿದೆರಡಕ್ಕಿಂತ ಉದ್ದ, ದಪ್ಪ. ಎಲ್ಲಕ್ಕಿಂತ ಮೊದಲು ಕೂಡುವುದೂ ಕೊನೆಯಲ್ಲಿ ಬಿಡುವುದೂ ಅದೇ. ಉಪಕರಣದ ಮೈಗೆ ಸೋರಿದ ವಿದ್ಯುತ್ತು ನೆಲಕ್ಕಿಳಿಯಲು ಅದರ ತಂತಿಯೇ ದಾರಿ. ಆ ದಾರಿ ಕಡಿದಿದ್ದರೆ, ಮುಟ್ಟಿದವರ ದೇಹವೇ ದಾರಿಯಾಗುತ್ತದೆ.

ತಾತನವರು ಮನೆ ಕಟ್ಟಿಸಿದಾಗ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಕಬ್ಬಿಣದ ಕೊಳವೆ ನೆಡಿಸಿ, ಸುತ್ತಲೂ ಇದ್ದಿಲು ಉಪ್ಪುಗಳನ್ನು ಪದರಪದರವಾಗಿ ತುಂಬಿಸಿದ್ದರು. ಬೇಸಗೆ ಬಂದರೆ ಅದಕ್ಕೊಂದು ಕೊಡ ನೀರು ಹೊಯ್ಯುವರು. ಚಿಗುರದ ಕೊಳವೆಗೆ ನೀರೆರೆಯುವ ಮುದುಕರೆಂದು ಮಕ್ಕಳಾದ ನಾವು ನಗುತ್ತಿದ್ದೆವು. ಮಣ್ಣು ಒಣಗಿದರೆ ವಿದ್ಯುತ್ತಿಗೆ ನೆಲ ದಕ್ಕದೆಂಬುದನ್ನು ಅವರು ತಿಳಿದಿದ್ದರು. ಅವರ ತರುವಾಯ ಹಿತ್ತಿಲಿಗೆಲ್ಲ ಸಿಮೆಂಟು ಬಳಿಸಿ ಆ ಗುಂಡಿಯನ್ನು ಮುಚ್ಚಿಸಿದವನು ನಾನೇ.

ಬಲ್ಬು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂತಹ ಚಿಲ್ಲರೆ ಕೆಲಸವನ್ನು ಬಿಟ್ಟು ಮಿಕ್ಕ ತಂತಿಕೆಲಸವನ್ನು ಪರವಾನಗಿಯುಳ್ಳವರೇ ಮಾಡತಕ್ಕದ್ದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ವಿಧಿಸಿದ್ದವು. ಅವುಗಳ ಸ್ಥಾನಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ 2010ರಲ್ಲಿಯೂ ಮತ್ತೆ 2023ರಲ್ಲಿಯೂ ಬಂದಿತು. ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿದುಹಾಕುವ ಸಾಧನವೂ ಈಗ ಉಂಟು. ಮನೆಗಳಲ್ಲಿ ಇಡುವುದು 30 ಮಿಲಿಆಂಪಿಯರಿನದು. ಹಳೆಗನ್ನಡದ ಶಾಸನಗಳನ್ನು ಅಕ್ಷರ ಬಿಡದೆ ಓದುವ ನಾನು ಈ ಶಾಸನವನ್ನು ಓದಿರಲಿಲ್ಲ.

ಹೊರಡುವ ಮುನ್ನ ಅವನು ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆರೆದನು. ಒಳಗೆ ಇನ್ವರ್ಟರಿನ ಸೀಸ-ಆಮ್ಲದ ಬ್ಯಾಟರಿ. ಅದರ ಮೇಲಿನ ಹಲಗೆಯಲ್ಲಿ ತಾಯಿಯವರ ಸಂಜೆಯ ದೀಪ! ಚಾರ್ಜಾಗುವಾಗ ಅದು ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಕಿಡಿಯೊಂದು ಸಾಕು. “ಇಷ್ಟು ದಿನ ದೇವರೇ ಕಾಪಾಡಿದಾನೆ ಅಮ್ಮಾ” ಎಂದನವನು. ಅಂದೇ ಬ್ಯಾಟರಿಯನ್ನು ಗಾಳಿಯಾಡುವ ಹಿಂಭಾಗದ ಜಗಲಿಗೆ ಸಾಗಿಸಿದೆವು. ದೀಪ ದೇವರಮನೆಗೆ ಹೋಯಿತು.

ಗೀಸರು ಹೊಸದಾಯಿತು. ಸೋರಿಕೆ ತಡೆಯುವ ಸಾಧನವನ್ನೂ ಕೂರಿಸಲಾಯಿತು. ಸಿಮೆಂಟನ್ನು ಒಡೆದು, ಗುಂಡಿಗೆ ಇದ್ದಿಲು ಉಪ್ಪು ತುಂಬಿಸಿ, ಕೊಳವೆಯನ್ನೂ ತಂತಿಯನ್ನೂ ಹೊಸದಾಗಿ ಹಾಕಿಸಿದ್ದೇನೆ. ನಲ್ಲಿ ಈಗ ಜುಮ್ಮೆನ್ನುವುದಿಲ್ಲ. ಎಲ್ಲ ಆ ಎಣ್ಣೆಯ ಗುಣವೆಂದು ತಾಯಿಯವರ ನಂಬಿಕೆ. ಆದರೂ ಶನಿವಾರ ನಾನು ಹಿತ್ತಿಲಿಗೆ ಕೊಡ ಹೊತ್ತು ಹೋಗುವುದು ತಡವಾದರೆ, “ತಾತನ ಗುಂಡಿಗೆ ನೀರು ಹಾಕಿದೆಯೇನೋ?” ಎಂದು ಕೇಳುವವರೂ ಅವರೇ.