ಕಾರ್ಬನ್ ಫೈಬರ್ ದೋಟಿ ಕರೆಂಟ್ ತಂತಿಗೆ ತಗುಲಿದರೆ ಶಾಕ್ ಹೊಡೆಯುವುದಿಲ್ಲವೇ?

ಸಾರಾಂಶ
"ಕಾರ್ಬನ್ ಫೈಬರ್ ಲೋಹವಲ್ಲ. ಹಾಗಾಗಿ ಅಡಿಕೆ ಕೊಯ್ಯುವ ದೋಟಿ ತಂತಿಗೆ ತಗುಲಿದರೂ ಏನೂ ಆಗದು, ರಬ್ಬರ್ ಚಪ್ಪಲಿ ಇದ್ದರೆ ಸಾಕು" ಎಂಬ ನಂಬಿಕೆಯನ್ನು ನಾವು ಪರಿಶೀಲಿಸಿದ್ದೇವೆ. ಇದು ಸುಳ್ಳು. ನಂಬಿದರೆ ಪ್ರಾಣವೇ ಹೋಗಬಹುದು.

ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆಯೇ?
ಹೌದು. ಕಾರ್ಬನ್ ಲೋಹವಲ್ಲ ಎಂಬುದು ನಿಜ. ಆದರೆ ಲೋಹವಲ್ಲದ್ದೆಲ್ಲ ವಿದ್ಯುತ್ತನ್ನು ತಡೆಯುವುದಿಲ್ಲ. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಕೂಡ ಕಾರ್ಬನ್ನೇ, ಅದರಲ್ಲೂ ವಿದ್ಯುತ್ ಹರಿಯುತ್ತದೆ. ಕಾರ್ಬನ್ ಫೈಬರ್ ದೋಟಿ ಹಗುರ ಇರಬಹುದು. ಆದರೆ ಶಾಕ್ ವಿಷಯದಲ್ಲಿ ಅದನ್ನು ಅಲ್ಯುಮಿನಿಯಂ ದೋಟಿಯಷ್ಟೇ ಅಪಾಯಕಾರಿ ಎಂದು ತಿಳಿಯಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ದೋಟಿ, ಕೈ, ನೆಲ ಎಲ್ಲವೂ ಒದ್ದೆಯಾಗಿರುತ್ತವೆ. ಆಗ ಬಿದಿರನ್ನೂ ನಂಬುವಂತಿಲ್ಲ.

ರಬ್ಬರ್ ಚಪ್ಪಲಿ ಕಾಪಾಡುತ್ತದೆಯೇ?
ಇಲ್ಲ. ಮನೆಯ ಕರೆಂಟ್ 230 ವೋಲ್ಟ್. ಅಷ್ಟೇ ಸಾಕು ಜೀವ ತೆಗೆಯಲು. ತೋಟ, ಗದ್ದೆಗಳ ಮೇಲೆ ಹಾದುಹೋಗುವ ಎಚ್.ಟಿ. ಲೈನ್ ಸಾಮಾನ್ಯವಾಗಿ 11,000 ವೋಲ್ಟ್‌ನದು. ಸವೆದ, ಕೆಸರು ಮೆತ್ತಿದ ಚಪ್ಪಲಿ ಅದನ್ನು ತಡೆಯಲಾರದು. ಹಕ್ಕಿ ತಂತಿಯ ಮೇಲೆ ಕೂತರೂ ಸಾಯುವುದಿಲ್ಲವಲ್ಲ ಎಂದು ಕೇಳಬಹುದು. ಹಕ್ಕಿ ಒಂದೇ ತಂತಿಯನ್ನು ಮುಟ್ಟಿರುತ್ತದೆ, ನೆಲವನ್ನಲ್ಲ. ನಮ್ಮ ಕಾಲು ನೆಲದ ಮೇಲಿರುತ್ತದೆ.

ತಂತಿ ಎಷ್ಟು ಎತ್ತರದಲ್ಲಿರುತ್ತದೆ?
ನಿಯಮದ ಪ್ರಕಾರ ರಸ್ತೆಯಿಲ್ಲದ ಕಡೆ 11,000 ವೋಲ್ಟ್‌ನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ ಸುಮಾರು 15 ಅಡಿ ಎತ್ತರದಲ್ಲಿರಬೇಕು. ಸ್ಪ್ರಿಂಕ್ಲರ್ ಪೈಪಿನ ಉದ್ದ ಸಾಮಾನ್ಯವಾಗಿ 6 ಮೀಟರ್, ಸುಮಾರು 20 ಅಡಿ. ಅಲ್ಯುಮಿನಿಯಂ ಪೈಪನ್ನು ನೆಟ್ಟಗೆ ನಿಲ್ಲಿಸಿದರೆ ಸಾಕು, ಅದು ತಂತಿಗೆ ತಗುಲಬಹುದು. ದೋಟಿ ಇನ್ನೂ ಉದ್ದ. ದೊಡ್ಡ ಟವರ್ ಲೈನ್‌ಗಳಲ್ಲಿ ತಂತಿಗೆ ತಗುಲಬೇಕೆಂದೂ ಇಲ್ಲ, ಹತ್ತಿರ ಹೋದರೂ ಕಿಡಿ ಹಾರಬಹುದು.

ಬಿದ್ದ ತಂತಿಯಲ್ಲಿ ಕಿಡಿ ಬರದಿದ್ದರೆ ಕರೆಂಟ್ ಇಲ್ಲವೆಂದೇ?
ಹಾಗಲ್ಲ. ಒಣ ನೆಲ ಅಥವಾ ಕಲ್ಲಿನ ಮೇಲೆ ತಂತಿ ಬಿದ್ದಾಗ ಹರಿಯುವ ಕರೆಂಟ್ ಕಡಿಮೆ ಇದ್ದು, ಸಬ್‌ಸ್ಟೇಷನ್ನಿನಲ್ಲಿ ಲೈನ್ ಟ್ರಿಪ್ ಆಗದೇ ಇರಬಹುದು. ಟ್ರಿಪ್ ಆದ ಲೈನಿಗೂ ಮತ್ತೆ ಕರೆಂಟ್ ಬಿಡಬಹುದು. ತಂತಿಯ ಸುತ್ತಲಿನ ನೆಲದಲ್ಲೂ ವಿದ್ಯುತ್ ಹರಡಿರುತ್ತದೆ. ಎರಡು ಕಾಲುಗಳ ನಡುವೆ ಅಂತರ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮುಂಗಾಲು, ಹಿಂಗಾಲುಗಳ ನಡುವೆ ಹೆಚ್ಚು ಅಂತರವಿರುವ ದನಗಳಿಗೆ ಇದು ಇನ್ನೂ ಅಪಾಯಕಾರಿ.

ಏನು ಮಾಡಬೇಕು?
• ದೋಟಿ, ಪೈಪು, ಏಣಿ ಎತ್ತುವ ಮುನ್ನ ಮೇಲೆ ನೋಡಿ. ಅವನ್ನು ಅಡ್ಡಲಾಗಿ ಹಿಡಿದೇ ಸಾಗಿಸಿ.
• ಲೈನ್ ಹತ್ತಿರದ ಮರಗಳ ಕೊಯ್ಲಿಗೆ ಮೊದಲೇ ವಿದ್ಯುತ್ ಕಚೇರಿಗೆ ತಿಳಿಸಿ. ಲೈನ್ ಆಫ್ ಆಗಿದೆ ಎಂದು ಲೈನ್‌ಮನ್ ಖಚಿತಪಡಿಸಿದ ಮೇಲೆಯೇ ಕೆಲಸ ಶುರುಮಾಡಿ.
• ಕಂಬಕ್ಕೆ, ಸ್ಟೇ ವೈರಿಗೆ ದನ ಕಟ್ಟಬೇಡಿ, ಬಟ್ಟೆ ಒಣಗಿಸುವ ತಂತಿ ಬಿಗಿಯಬೇಡಿ.
• ತಂತಿ ಬಿದ್ದಿದ್ದರೆ ಅಥವಾ ಜೋತುಬಿದ್ದಿದ್ದರೆ 1912ಕ್ಕೆ ಕರೆ ಮಾಡಿ. ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿರಿ. ಹತ್ತಿರವೇ ಇದ್ದರೆ ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಜಾರಿಸುತ್ತಾ ದೂರ ಸರಿಯಿರಿ.
• ಎಚ್.ಟಿ. ಲೈನ್ ತಗುಲಿದವರನ್ನು ಬಿಡಿಸಲು ಓಡಬೇಡಿ, ಕೋಲಿನಿಂದಲೂ ಮುಟ್ಟಬೇಡಿ. ಮೊದಲು ಲೈನ್ ಆಫ್ ಆಗಬೇಕು. ಇಲ್ಲದಿದ್ದರೆ ಒಂದು ಜೀವದ ಜೊತೆ ಇನ್ನೊಂದೂ ಹೋಗುತ್ತದೆ.

ತೀರ್ಮಾನ
ದೋಟಿ ಯಾವುದರದ್ದೇ ಇರಲಿ, ಕಾಲಲ್ಲಿ ಏನೇ ಇರಲಿ, ತಂತಿಯಿಂದ ನಮ್ಮನ್ನು ಕಾಯುವುದು ದೂರ ಮಾತ್ರ. "ಏನೂ ಆಗದು" ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ತೋಟಕ್ಕೆ ಕೊಯ್ಲಿನವರು ಬಂದಾಗ, ಲೈನ್ ಎಲ್ಲಿ ಹಾದುಹೋಗಿದೆ ಎಂದು ಮೊದಲು ತೋರಿಸಿ.