ಅಲುಗದ ನಟ್ಟು

ಕ್ಯಾಲನೂರಿನಿಂದ ಕೋಲಾರಕ್ಕೆ ಹೊರಟ ಕಾರಿನ ಟೈರು ದಾರಿಯಲ್ಲಿ ಪಂಕ್ಚರಾಯಿತೆಂದು ಭಾವಿಸೋಣ. ಬದಲಿ ಚಕ್ರವಿದೆ, ಜಾಕ್ ಇದೆ. ನಾಲ್ಕು ನಟ್ಟುಗಳಲ್ಲಿ ಮೂರು ಸಡಿಲವಾದವು. ನಾಲ್ಕನೆಯದು ಮಾತ್ರ ಅಲುಗದು. ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕುಣಿಯುವುದು ಇಂಥಲ್ಲಿ ರೂಢಿ. ಅದರಿಂದ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಇಲ್ಲವೆ ಸ್ಟಡ್ಡೇ ಮುರಿಯುತ್ತದೆ. ಬಲವನ್ನು ಹೆಚ್ಚಿಸುವ ಮೊದಲು ಘರ್ಷಣೆಯನ್ನು ತಗ್ಗಿಸಬೇಕೆಂಬುದೇ ಇಲ್ಲಿನ ಭೌತಶಾಸ್ತ್ರ.

ನಟ್ಟನ್ನು ಬಿಗಿದಾಗ ಸ್ಟಡ್ಡು ಸ್ಪ್ರಿಂಗಿನಂತೆ ತುಸು ಹಿಗ್ಗುತ್ತದೆ; ಆ ಎಳೆತವೇ ಚಕ್ರವನ್ನು ಹಿಡಿದಿಡುತ್ತದೆ. ನಾವು ಪ್ರಯೋಗಿಸುವ ತಿರುಚುಬಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಈ ಕೆಲಸಕ್ಕೆ ಒದಗುತ್ತದೆ. ಉಳಿದುದನ್ನೆಲ್ಲ ಘರ್ಷಣೆಯು ನುಂಗುತ್ತದೆ. ನೀರು ಸೇರಿ ತುಕ್ಕು ಹಿಡಿದರೆ ತೊಡಕು ಇಮ್ಮಡಿಸುತ್ತದೆ: ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಜಾಗವನ್ನು ಬೇಡುವುದರಿಂದ, ಸಂದಿನಲ್ಲಿ ಬೆಣೆ ಬಡಿದಂತಾಗುತ್ತದೆ.

ಆದ್ದರಿಂದ ಕ್ರಮವಾಗಿ ನಡೆಯಬೇಕು. ಚಕ್ರವು ನೆಲದ ಮೇಲಿರುವಾಗಲೇ, ಹ್ಯಾಂಡ್‌ಬ್ರೇಕ್ ಹಾಕಿ, ನಟ್ಟನ್ನು ಸಡಿಲಿಸಬೇಕು. ಜಾಕ್ ಮೇಲೆ ನಿಂತ ಕಾರನ್ನು ಜಗ್ಗಿದರೆ ಅದು ಉರುಳಬಹುದು. ತಿರುಗಿಸಬೇಕಾದ ದಿಕ್ಕನ್ನೂ ತಿಳಿದಿರಬೇಕು. ಕೆಲವು ಹಳೆಯ ಲಾರಿಗಳ ಎಡಬದಿಯ ನಟ್ಟುಗಳು ವಿರುದ್ಧ ದಿಕ್ಕಿಗೆ ಸಡಿಲವಾಗುತ್ತವೆ. ಅನಂತರ ತುಕ್ಕು ಬಿಡಿಸುವ ಎಣ್ಣೆಯನ್ನು ನಟ್ಟಿನ ಬುಡಕ್ಕೆ ಹಾಕಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಕಾಲು ಗಂಟೆಯಾದರೂ ಕಾಯಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಅದು ಸಂದಿನೊಳಗೆ ಹರಿಯುತ್ತದೆ. ಬ್ರೇಕಿಗೆ ಮಾತ್ರ ಎಣ್ಣೆ ತಾಗಕೂಡದು.

ಇನ್ನು ಸನ್ನೆಯ ಸರದಿ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 40 ಕಿಲೋಗ್ರಾಂ ಭಾರ ಬಿದ್ದರೆ ಸುಮಾರು 100 ನ್ಯೂಟನ್-ಮೀಟರ್ ತಿರುಚುಬಲ ಉಂಟಾಗುತ್ತದೆ. ಕೊಳವೆ ತೂರಿಸಿ ಉದ್ದವನ್ನು 75 ಸೆಂಟಿಮೀಟರಿಗೆ ಏರಿಸಿದರೆ ಅದೇ ಭಾರದಿಂದ 300 ಆಗುತ್ತದೆ. ಇಷ್ಟು ಬಲವು ಸ್ಟಡ್ಡನ್ನು ಮುರಿಯಲೂ ಸಾಕು. ಆದಕಾರಣ ಝಾಡಿಸದೆ, ನಿಧಾನವಾಗಿ ಒತ್ತಬೇಕು. ನಟ್ಟು ರಬ್ಬರಿನಂತೆ ತಿರುಚಿಕೊಂಡು ಹಿಂದಕ್ಕೆ ಬರುವಂತೆ ತೋರಿದರೆ ಕೂಡಲೇ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ ಕಾಯುವುದು ಲೇಸು.

ಶಾಖದ ಉಪಾಯವೂ ಉಂಟು. 12 ಮಿಲಿಮೀಟರ್ ರಂಧ್ರವುಳ್ಳ ಉಕ್ಕಿನ ನಟ್ಟು 100 ಡಿಗ್ರಿ ಹೆಚ್ಚು ಬಿಸಿಯಾದರೆ ರಂಧ್ರವು ಸುಮಾರು 0.014 ಮಿಲಿಮೀಟರ್ ಹಿಗ್ಗುತ್ತದೆ. ತುಕ್ಕಿನ ಹಿಡಿತ ಬಿರಿಯಲು ಅದು ನೆರವಾಗುತ್ತದೆ. ಆದರೆ ಗಾಳಿ ತುಂಬಿದ ಟೈರಿನ ಬಳಿ ಜ್ವಾಲೆಯನ್ನು ಒಯ್ದರೆ ಟೈರು ಸಿಡಿದು ಪ್ರಾಣಹಾನಿಯಾಗಬಹುದು. ದಾರಿಯಲ್ಲಿ ಈ ಸಾಹಸ ಸಲ್ಲದು. ಮೂಲೆ ಸವೆದ ನಟ್ಟನ್ನು ಒಳಗೆ ಹಲ್ಲುಗಳುಳ್ಳ ವಿಶೇಷ ಸಾಕೆಟ್ಟಿನಿಂದ ಹಿಡಿಸಿ ತೆಗೆಯಬಹುದು. ಮುರಿದ ಸ್ಟಡ್ಡಿಗೆ ಹೊಸದನ್ನು ಹಾಕಿಸುವುದಲ್ಲದೆ ಬೇರೆ ದಾರಿಯಿಲ್ಲ.

ಚಕ್ರವನ್ನು ಮತ್ತೆ ಜೋಡಿಸುವಾಗ ಇದೇ ಎಣ್ಣೆ ಶತ್ರುವಾಗುತ್ತದೆ. ಘರ್ಷಣೆ ತಗ್ಗಿದರೆ ಅಷ್ಟೇ ತಿರುಚುಬಲವು ಸ್ಟಡ್ಡನ್ನು ಮಿತಿಮೀರಿ ಎಳೆಯುತ್ತದೆ. ಆದ್ದರಿಂದ ತಂತಿ ಬ್ರಷ್ಷಿನಿಂದ ಉಜ್ಜಿ, ಒರಸಿ, ಎದುರುಬದುರಿನ ನಟ್ಟುಗಳನ್ನು ಸರದಿಯಂತೆ, ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.